ತಣಿಯದ ಸೀಸ

“ನೀರಿಂದ ಮೇಲೆ ಎತ್ತಬೇಡಿ ಮಾರಾಯ್ರೆ. ಕೈ ಮುಗಿದು ಕೇಳ್ತೀನಿ.”

ದಯಾನಂದನ ದನಿಯಲ್ಲಿ ಬೇಡಿಕೆಗಿಂತ ಭೀತಿಯೇ ಮಿಗಿಲಾಗಿತ್ತು. ಆದರೆ ರಾಜೀವನ ಬಲಗೈ ಅದಾಗಲೇ ಕಲ್ಲುಬಾನಿಯ ಕಪ್ಪು ನೀರಿನೊಳಗೆ ಮೊಣಕೈವರೆಗೆ ಇಳಿದಿತ್ತು. ತಳದ ಕೆಸರನ್ನು ಕೆದಕಿ ಅವನು ಹೊರತೆಗೆದದ್ದು ನೆಲ್ಲಿಕಾಯಿಗಿಂತ ಕಿರಿದಾದ, ಒಂದು ಮಗ್ಗುಲು ಚಪ್ಪಟೆಯಾದ ಸೀಸದ ಗುಂಡು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದ ದಿನಗಳವು. ಕಳಸದ ದಾರಿಯುದ್ದಕ್ಕೂ ಕಾಫಿಹೂವಿನ ಕಂಪು ಉಸಿರುಕಟ್ಟುವಷ್ಟು ದಟ್ಟವಾಗಿತ್ತು. ಆದರೂ ಚೌಡಿಬನದ ಆ ಮರಗಳ ನೆರಳಿನೊಳಕ್ಕೆ ಅದರ ಎಳೆಯೊಂದೂ ಸುಳಿದಿರಲಿಲ್ಲ. ಅಲ್ಲಿದ್ದದ್ದು ಕೊಳೆತ ಎಲೆಯ ವಾಸನೆ, ನಿಂತ ನೀರಿನ ವಾಸನೆ.

“ಎತ್ತಿದ್ರೆ ಏನು, ರಕ್ತ ಕಾರ್ತೀನಾ?” ಎಂದು ರಾಜೀವ ನಕ್ಕನು. ಮೈಸೂರಿನವನಾದ ಅವನು ಆ ಎಸ್ಟೇಟಿಗೆ ಮ್ಯಾನೇಜರನಾಗಿ ಬಂದು ವರ್ಷ ತುಂಬಿರಲಿಲ್ಲ. ಕಳಸದ ಪೇಟೆಯಲ್ಲಿ ಮೆಣಸಿನ ವ್ಯಾಪಾರ ಮಾಡುವ ದಯಾನಂದನು ಅವನಿಗೆ ಭಾನುವಾರದ ಆಟದ ಗೆಳೆಯ.

ದಯಾನಂದ ನಗಲಿಲ್ಲ. “ಕಂಪನಿ ಸೈನ್ಯ ಬಂದಾಗ ನಮ್ಮ ಹಿರೀಕರು ಈ ಗುಡ್ಡದಲ್ಲಿ ಅಡಗಿದ್ರಂತೆ. ಉಪವಾಸ ಬಿದ್ದು, ನೀರೂ ಸಿಗದೆ, ಕೊನೆಗೆ ಕೋವಿ ಕೆಳಗಿಟ್ಟು ‘ಶರಣು, ಶರಣು’ ಅಂತ ಕೂಗ್ತಾ ಇಳಿದು ಬಂದ್ರು. ಕಂಪನಿ ಕ್ಯಾಪ್ಟನ್ ಎಲ್ರಿಗೂ ಗುಂಡು ಹೊಡೆಸಿದ. ಕೇಳಿದ್ದಕ್ಕೆ, ಅವರು ಕೂಗಿದ್ದು ತನಗೆ ಕೇಳಿಸ್ಲೇ ಇಲ್ಲ ಅಂದನಂತೆ.”

“ಆಮೇಲೆ?”

“ನಮ್ಮ ಮನೆ ಹೆಣ್ಣುಮಗಳೊಬ್ಬಳು ಆ ಹೆಣಗಳಿಂದ ಈ ಗುಂಡುಗಳನ್ನ ಬೆರಳಲ್ಲೇ ಕಿತ್ತು ತೆಗೆದ್ಲು. ಘಟ್ಟದ ಕೆಳಗಿಂದ ಮಾಟಗಾರನ್ನ ಕರೆಸಿದ್ಲು. ಮಾಟ ತಾಗೋದ್ರೊಳಗೆ ಆ ಕ್ಯಾಪ್ಟನ್ ಜ್ವರ ಬಂದು ಸತ್ತ. ಮಾಟ ಹಂಗೇ ಉಳೀತು, ಆಳಿಲ್ಲದೆ. ಅದಕ್ಕೇ ಪ್ರತಿ ಮಹಾಲಯಕ್ಕೆ ನಮ್ಮ ಅವ್ವ ಬಂದು ಗುಂಡು ತಣಿಸೋದು. ಹೊಸ ನೀರು ಹುಯ್ದು ಹೋಗೋದು ಅಷ್ಟೆ. ತಣ್ಣಗಿರೋ ತನಕ ಇದು ಬರೀ ಸೀಸ.”

“ಬಿಸಿ ಆದ್ರೆ?”

“ಆಳು ಹುಡುಕುತ್ತೆ.”

“ಇಷ್ಟು ವರ್ಷದಲ್ಲಿ ನಿಮ್ಮ ಮಾಟಕ್ಕೆ ತುಕ್ಕು ಹಿಡಿದಿರುತ್ತೆ ಬಿಡಿ ದಯಣ್ಣ.”

“ಸೀಸಕ್ಕೆ ತುಕ್ಕು ಹಿಡಿಯಲ್ಲ ಮಾರಾಯ್ರೆ.”

ರಾಜೀವನು ಗುಂಡನ್ನು ಮರಳಿ ನೀರಿಗೆ ಬಿಟ್ಟನು. ಕಪ್ಪು ನೀರು ಸದ್ದಿಲ್ಲದೆ ಅದನ್ನು ನುಂಗಿತು. ದಯಾನಂದ ನಿಟ್ಟುಸಿರುಬಿಟ್ಟನು. ಆದರೆ ರಾಜೀವನ ಕಣ್ಣು ಬಾನಿಯನ್ನು ಬಿಟ್ಟು ಕದಲಲಿಲ್ಲ.

ಭಾನುವಾರದ ಆಟವೆಂದರೆ ಯುದ್ಧದ ಆಟ. ಹಿರಿಯ ಪ್ಲಾಂಟರ್ ಜಯದೇವಪ್ಪನವರ ಕಾಫಿ ಗೋಡೌನಿನಲ್ಲಿ, ಬೀಜ ಹೆಕ್ಕುವ ಉದ್ದನೆಯ ಮೇಜಿನ ಮೇಲೆ, ಥರ್ಮೋಕೋಲಿನ ಗುಡ್ಡ ಕೊರೆದು, ಒಣಗಿದ ಹಾವಸೆಯಿಂದ ಶೋಲಾಕಾಡನ್ನೂ ಕಾಫಿಸಿಪ್ಪೆಯಿಂದ ನೆಲವನ್ನೂ ಹಾಸಿ, ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ಅವರು ಕಂಪನಿಯ ಕಾಲದ ಕದನಗಳನ್ನು ಆಡುತ್ತಿದ್ದರು. ಟೇಪು ಹಿಡಿದು ನಡೆಯ ದೂರವನ್ನು ಅಳೆಯುವುದು, ದಾಳ ಉರುಳಿಸಿ ಗುಂಡಿನ ಗುರಿಯನ್ನು ತೀರ್ಮಾನಿಸುವುದು. ದಯಾನಂದನು ಗುಡ್ಡದವರ ಪಕ್ಷ, ರಾಜೀವನು ಕಂಪನಿಯ ಪಕ್ಷ, ಜಯದೇವಪ್ಪನವರ ಮಗಳು ಧನ್ಯಾ ತೀರ್ಪುಗಾರ್ತಿ. ಅದುವರೆಗಿನ ಸೈನಿಕರೆಲ್ಲ ಪ್ಲಾಸ್ಟಿಕ್ಕಿನವರು. ಆ ಕಾಲದ ಗುಂಡಿನ ಸೀಸದಿಂದಲೇ ಆ ಕಾಲದ ಸೈನಿಕನನ್ನು ಎರೆಯುವ ಭಾಗ್ಯ ಯಾವ ಹವ್ಯಾಸಿಗೆ ದೊರೆತೀತು! ಮರುದಿನ ಮಧ್ಯಾಹ್ನ ರಾಜೀವನೊಬ್ಬನೇ ಬನಕ್ಕೆ ಮರಳಿದನು. ಬಾನಿಯನ್ನು ಬರಿದು ಮಾಡಿ, ಗುಂಡುಗಳನ್ನು ಟಿಫಿನ್ ಡಬ್ಬಿಗೆ ತುಂಬಿಕೊಂಡನು.

ಬಂಗಲೆಯ ಹಿಂದಿನ ಶೆಡ್ಡಿನಲ್ಲಿ, ಕಬ್ಬಿಣದ ಸೌಟಿನೊಳಗೆ ಸೀಸ ಕರಗಿತು. ಮೊದಲು ಸುಟ್ಟ ಕೂದಲಿನ ನಾತ. ಆಮೇಲೆ ಒದ್ದೆ ಮದ್ದಿನ ನಾತ. ಕೊನೆಗೆ ಗಂಟಲಿನ ಹಿಂಬದಿಗೆ ಅಂಟಿಕೊಳ್ಳುವ, ಹಸಿ ನೆತ್ತರಿನಂಥ ಲೋಹದ ಒಗರು. ಕರಗಿದ ದ್ರವದ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿ, ಒಡೆದು, ಮತ್ತೆ ಕಟ್ಟಿತು. ಏನನ್ನೋ ನುಡಿಯಲೆಳಸುವ ತುಟಿಗಳಂತೆ ಅದು ತೆರೆದು ಮುಚ್ಚುತ್ತಿದ್ದುದನ್ನು ರಾಜೀವನು ಕಂಡನು. ಕಂಡು, ಅಚ್ಚಿಗೆ ಸುರಿದನು.

ಪ್ರತಿಮಾಲಕ್ಷಣವನ್ನು ಬಲ್ಲ ಹಿರಿಯರು ಒಂದು ಮಾತನ್ನು ಒತ್ತಿ ಹೇಳುತ್ತಾರೆ. ಲೋಹವು ಆಕೃತಿಯನ್ನು ತಳೆದ ಮಾತ್ರಕ್ಕೆ ಪ್ರತಿಮೆಯಾಗದು. ಅದಕ್ಕೆ ಹೆಸರು ಸಲ್ಲಬೇಕು, ನೆಲೆ ದೊರೆಯಬೇಕು, ಎಲ್ಲಕ್ಕೂ ಮಿಗಿಲಾಗಿ ಕಣ್ಣು ತೆರೆಯಬೇಕು. ಆದುದರಿಂದಲೇ ಶಿಲ್ಪಿಯು ಮಿಂದು ಮಡಿಯಾಗಿ, ಜಪಿಸಿ, ವಿಗ್ರಹವನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ನೋಡುತ್ತ ಅದರ ನೇತ್ರವನ್ನು ಬಿಡಿಸುತ್ತಾನೆ. ತೆರೆದ ಕಣ್ಣಿಗೆ ಮೊದಲು ಗೋವೋ ಧಾನ್ಯರಾಶಿಯೋ ಬೀಳಲೆಂದು ಎಚ್ಚರ ವಹಿಸುತ್ತಾನೆ. ಆ ಪ್ರಥಮದೃಷ್ಟಿಯ ಬಲ ಅಂಥದು. ರಾಜೀವನು ಬಾಯಲ್ಲಿ ಸಿಗರೇಟು ಕಚ್ಚಿಕೊಂಡು, ಒಂದು ಕೂದಲೆಳೆಯಷ್ಟು ತೆಳುವಾದ ಕುಂಚದಿಂದ, ಆ ಸೀಸದ ಸೈನಿಕರೆಲ್ಲರ ಕಣ್ಣುಗಳನ್ನು ಒಂದೊಂದಾಗಿ ತೆರೆದನು. ಅವು ಮೊದಲು ಕಂಡದ್ದು ಅವನ ಮುಖವನ್ನು.

ಕೊನೆಯಲ್ಲಿ ಕ್ಯಾಪ್ಟನ್ನನ ಸರದಿ. ಆಟಗಾರರು ತಮ್ಮ ಸೇನಾನಿಗೆ ತಮ್ಮದೇ ಮುಖವನ್ನು ಕೊಡುವುದುಂಟು. ಅವನೂ ಕೊಟ್ಟನು. ಟೋಪಿಯ ತುರಾಯಿಗೆ ಕುಂಚದ ರೋಮ ಒರಟಾಯಿತೆಂದು ತನ್ನ ತಲೆಗೂದಲನ್ನೇ ಕತ್ತರಿಸಿ ಅಂಟಿಸಿದನು. ಬೊಂಬೆಯು ಪೀಠದ ಮೇಲೆ ಗಟ್ಟಿಯಾಗಿ ನಿಲ್ಲಲೆಂದು ಹಿಮ್ಮಡಿಯಿಂದ ತೊಡೆಯವರೆಗೆ ಸಣ್ಣ ರಂಧ್ರ ಕೊರೆದು ಉಕ್ಕಿನ ಸೂಜಿಯನ್ನು ಇಳಿಸಿದನು. ಪೀಠದ ಅಂಚಿನಲ್ಲಿ ತನ್ನ ಹೆಸರನ್ನು ಬರೆದನು. ಹೆಣದಿಂದ ಬಂದ ಲೋಹ, ತಲೆಗೂದಲು, ಸೂಜಿ, ಮುಖ, ಹೆಸರು. ಮಾಟಗಾರನಾದವನು ಬಹುಕಷ್ಟದಿಂದ ಕದ್ದು ಕೂಡಿಸಬೇಕಾದ ಸಾಮಗ್ರಿಯನ್ನೆಲ್ಲ ಅವನು ತನ್ನ ಕೈಯಾರೆ, ಸಿಳ್ಳೆ ಹಾಕುತ್ತ ಕೂಡಿಸಿದ್ದನು. ಬಣ್ಣ ಒಣಗಿದ ಮೇಲೂ ಬೊಂಬೆ ಬೆಚ್ಚಗೇ ಇತ್ತು.

ಭಾನುವಾರ ಮಧ್ಯಾಹ್ನ ಅವನು ತನ್ನ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ಜಯದೇವಪ್ಪನವರು ಬೆರಗಾದರು. “ಎಂಥ ಕೆಲಸ ಮಾರಾಯ್ರೆ! ಈ ಕ್ಯಾಪ್ಟನ್ ಥೇಟ್ ನಿಮ್ ಹಂಗೇ ಇದಾನಲ್ಲ.”

“ಹೊಟ್ಟೆ ಒಂದು ಕರಗಿಸಿಕೊಂಡಿದಾನೆ ಅಷ್ಟೆ,” ಎಂದಳು ಧನ್ಯಾ.

ದಯಾನಂದನು ಸೈನಿಕನೊಬ್ಬನನ್ನು ಎತ್ತಿಕೊಂಡು ಹುಬ್ಬು ಗಂಟಿಕ್ಕಿದನು. “ಇದ್ಯಾಕೆ ಬಿಸಿ ಇದೆ?”

“ಜೀಪಲ್ಲಿ ಬಿಸಿಲಿಗೆ ಇಟ್ಟಿದ್ದೆ.”

“ಸೀಸ ಎಲ್ಲಿಂದು?”

“ಹಳೇ ಬ್ಯಾಟರಿದು ದಯಣ್ಣ. ಹೆದರ್ಬೇಡಿ, ನಿಮ್ಮ ಅಜ್ಜಂದಿರದಲ್ಲ.”

ದಯಾನಂದನು ಅವನ ಮಾತನ್ನು ನಂಬಿದನು. ಸ್ನೇಹಿತನ ಮಾತನ್ನು ನಂಬದಿರುವುದು ಅವನ ಅಭ್ಯಾಸವಾಗಿರಲಿಲ್ಲ.

ಆಟ ನಡೆಯಿತು. ಅಂದು ಗುಡ್ಡದವರ ಒಂದು ಪಡೆ ಮೂಲೆಗೆ ಸಿಕ್ಕಿಬಿದ್ದಿತು. ಸೋತ ಬೊಂಬೆಗಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ ‘ಶರಣು’ ಎಂದು ಬಾಯಿಬಿಟ್ಟು ಹೇಳುವುದು ಅವರ ಆಟದ ನಿಯಮ. ಎದುರಾಳಿ ಒಪ್ಪಿದರೆ ಅವರು ಸೆರೆಯಾಳುಗಳು. ಒಪ್ಪದಿದ್ದರೆ ದಾಳ ಉರುಳುತ್ತದೆ. ಆದರೆ ಒಪ್ಪದೆ ಇದ್ದವರು ಆ ಮೇಜಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ.

“ಶರಣು ಮಾರಾಯ್ರೆ,” ಎಂದ ದಯಾನಂದ. “ಇವರನ್ನ ಬಿಟ್ಬಿಡಿ.”

ರಾಜೀವನು ಕಿವಿಯ ಹಿಂದೆ ಅಂಗೈಯನ್ನು ಅಡ್ಡಹಿಡಿದು, ಮುಂದೆ ಬಾಗಿ, ತುಂಟನಗೆ ನಕ್ಕನು. “ಏನಂದ್ರಿ? ಕೇಳಿಸ್ಲೇ ಇಲ್ಲ.”

ದಾಳ ಉರುಳಿತು. ಗುಡ್ಡದವರೆಲ್ಲ ಮಗುಚಿಬಿದ್ದರು.

ಯಾರೂ ನಗಲಿಲ್ಲ. ದಯಾನಂದನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. “ಆ ಮಾತು ಆಡಬಾರದಿತ್ತು ನೀವು,” ಎಂದು ಜಯದೇವಪ್ಪನವರು ಮೆಲ್ಲಗೆ ಹೇಳಿದರು. “ಆಟದಲ್ಲಿ ಆದ್ರೂ.”

“ಆಟದಲ್ಲಿ ಅಳೋರಿಗೆ ಜಾಗ ಇಲ್ಲ ಸರ್. ಮುಂದುವರಿಸಿ,” ಎಂದು ರಾಜೀವನು ನೀರಿನ ಬಾಟಲಿಯನ್ನೆತ್ತಿ ಗಟಗಟನೆ ಕುಡಿದನು. ಗಂಟಲು ಒಣಗಿತ್ತು. ಕುಡಿದಷ್ಟೂ ಒಣಗಿತು. ಬಾಟಲಿ ಬರಿದಾದರೂ ನಾಲಗೆ ಕಾದ ಕಾವಲಿಯಂತೆ ಉರಿಯಿತು. ಬಾಗಿಲಿನಿಂದ ಬರುತ್ತಿದ್ದ ಕಾಫಿಹೂವಿನ ಕಂಪು ಇದ್ದಕ್ಕಿದ್ದಂತೆ ನಿಂತುಹೋಯಿತು. ಆ ಜಾಗದಲ್ಲಿ ಸುಟ್ಟ ಕೂದಲಿನ ನಾತ.

“ಏನೋ ಸುಡ್ತಿದೆಯಲ್ಲ?” ಎಂದಳು ಧನ್ಯಾ.

ಆ ಕ್ಷಣದಲ್ಲೇ ಕರೆಂಟು ಹೋಯಿತು. ಹೊರಗೆ ಮೋಡ ಕವಿದು, ಗಾಳಿಗೆ ಗೋಡೌನಿನ ಕಬ್ಬಿಣದ ಬಾಗಿಲು ಧಡ್ಡನೆ ಮುಚ್ಚಿಕೊಂಡಿತು. ಕಿಟಕಿಯಿಲ್ಲದ ಆ ಕಟ್ಟಡದೊಳಗೆ ಹಗಲು ಆರಿತು. ಧನ್ಯಾ ಮೊಬೈಲಿನ ಬೆಳಕನ್ನು ಮೇಜಿನ ಮೇಲೆ ಹಿಡಿದಳು. ಬೆಳಕಿನ ವೃತ್ತದೊಳಗೆ ಸಣ್ಣದೊಂದು ಗುಡ್ಡ, ಸಣ್ಣದೊಂದು ಕಾಡು, ಸೀಸದ ಜನ. ಉಳಿದದ್ದೆಲ್ಲ ಕತ್ತಲೆ.

“ನನ್ನ ಸರದಿ,” ಎಂದ ದಯಾನಂದ. ಅವನ ದನಿಯಲ್ಲಿ ಇದುವರೆಗೆ ಯಾರೂ ಕೇಳದ ಗಡಸುತನವಿತ್ತು. ಕಾಡಿನ ಮರೆಯಲ್ಲಿ ಅಡಗಿಸಿಟ್ಟಿದ್ದ ಪಡೆಯನ್ನು ಅವನು ಹೊರಗೆ ನಡೆಸಿದನು. ದಾಳ ಬಿದ್ದಿತು. ಕಂಪನಿಯ ಸೈನಿಕನೊಬ್ಬ ಉರುಳಿದನು. ಮತ್ತೆ ದಾಳ. ಮತ್ತೊಬ್ಬ. ಯಾವ ಎಸೆತವೂ ಹುಸಿಹೋಗಲಿಲ್ಲ.

ರಾಜೀವನು ಹಿಂದೆ ಸರಿಯಲೆಂದು ಕಾಲೆತ್ತಿದನು. ಕಾಲು ಏಳಲಿಲ್ಲ. ಹಿಮ್ಮಡಿಯಿಂದ ತೊಡೆಯವರೆಗೆ ತಣ್ಣನೆಯ ಉಕ್ಕೊಂದು ಎಲುಬಿನ ನಡುವೆ ನಿಂತಂತಿತ್ತು. ಅವನು ಮೇಜನ್ನು ನೋಡಿದನು. ಗುಡ್ಡದ ಕಡೆಗೆ ಮುಖ ಮಾಡಿ ತಾನು ನಿಲ್ಲಿಸಿದ್ದ ಸೈನಿಕರು ಈಗ ಗುಡ್ಡವನ್ನು ನೋಡುತ್ತಿರಲಿಲ್ಲ. ಉಳಿದವರೂ ಬಿದ್ದವರೂ ಅವನನ್ನೇ ನೋಡುತ್ತಿದ್ದರು. ಅವನೇ ತೆರೆದ ಕಣ್ಣುಗಳು. ರೆಪ್ಪೆಯಿಲ್ಲದ ಕಣ್ಣುಗಳು.

ಮತ್ತೆ ದಾಳ. ಮತ್ತೊಬ್ಬ.

ಈಗ ಕ್ಯಾಪ್ಟನ್ನನೊಬ್ಬನೇ.

ಗುಡ್ಡದವರು ಅವನನ್ನು ಸುತ್ತುವರಿದಿದ್ದರು. ದಯಾನಂದ ದಾಳವನ್ನು ಮುಷ್ಟಿಯಲ್ಲಿ ಹಿಡಿದು ತಡೆದನು. ಅವನ ಸಿಟ್ಟು ಅಲ್ಲಿಗೆ ಕರಗತೊಡಗಿತ್ತು. “ಶರಣು ಅನ್ನಿ ಸಾಕು. ನಾನು ಒಪ್ಕೊಳ್ತೀನಿ. ನಾನು ನಿಮ್ ಹಂಗಲ್ಲ.”

ಶರಣು, ಎಂದನು ರಾಜೀವ.

ಸದ್ದು ಬರಲಿಲ್ಲ.

ಶರಣು! ಶರಣು ದಯಣ್ಣ! ಬಾನಿಯ ಸೀಸ ಕಣ್ರೀ ಅದು. ನಾನೇ ಕದ್ದೆ. ನಾನೇ ಕರಗಿಸಿದೆ. ಕ್ಷಮಿಸಿ! ಎದೆ ಬಿರಿಯುವಂತೆ ಕೂಗಿದನು. ಕತ್ತಿನ ನರಗಳು ಉಬ್ಬಿದವು. ಒಣಗಿದ ತುಟಿಗಳು ಹಲ್ಲಿನಿಂದ ಹಿಂದಕ್ಕೆ ಸೆಳೆದುಕೊಂಡವು. ಒಂದು ಉಸಿರಿನ ಸದ್ದೂ ಹೊರಡಲಿಲ್ಲ.

“ಏನಂದ್ರಿ?” ಎಂದ ದಯಾನಂದ. “ಜೋರಾಗಿ ಹೇಳಿ.”

ಬೆಳಕಿನ ಅಂಚಿನಲ್ಲಿ ರಾಜೀವನ ಮುಖ ಅರ್ಧವಷ್ಟೇ ಕಾಣುತ್ತಿತ್ತು. ಅರಳಿದ ಹಲ್ಲುಸಾಲು ಮಿನುಗುತ್ತಿತ್ತು.

“ನಗ್ತಿದಾರೆ ನೋಡು ಇನ್ನೂ,” ಎಂದು ಜಯದೇವಪ್ಪನವರು ಹೇಸಿಕೆಯಿಂದ ಮುಖ ತಿರುಗಿಸಿದರು.

ದಯಾನಂದನ ದವಡೆ ಬಿಗಿಯಿತು. “ನಗಿ ಹಂಗಾದ್ರೆ.”

ದಾಳ ಉರುಳಿತು.

ಕೋವಿಯ ಸದ್ದು ಯಾರಿಗೂ ಕೇಳಿಸಲಿಲ್ಲ. ಭಾರವಾದದ್ದೊಂದು ಸಿಮೆಂಟಿನ ನೆಲಕ್ಕೆ ಕುಸಿದ ಸದ್ದು ಮಾತ್ರ. ಧನ್ಯಾ ಬೆಳಕನ್ನು ಕೆಳಗೆ ತಿರುಗಿಸಿದಳು. ರಾಜೀವನ ಎರಡೂ ಕೈಗಳು ತಲೆಯ ಮೇಲಕ್ಕೆ ಎತ್ತಿಕೊಂಡಿದ್ದವು. ಅಂಗಿಯಲ್ಲಿ ರಂಧ್ರವಿರಲಿಲ್ಲ, ಎದೆಯಲ್ಲಿ ಗಾಯವಿರಲಿಲ್ಲ. ತೆರೆದ ಬಾಯಿಯಿಂದ ಬಿಸಿ ಸೀಸದ ಒಗರು ಏಳುತ್ತಿತ್ತು.

ಮೂಡಿಗೆರೆಯಲ್ಲಿ ಡಾಕ್ಟರು ಹೃದಯಾಘಾತವೆಂದರು. ಆಸ್ಪತ್ರೆಯ ಜಗಲಿಯಲ್ಲಿ ಧನ್ಯಾ ಗೋಡೆಗೊರಗಿ ಕುಳಿತಿದ್ದಳು. ಅವಳು ತಲೆಯೆತ್ತಿದಳು.

“ದಯಣ್ಣ, ಅವರು ನಗ್ತಿರ್ಲಿಲ್ಲ. ನಾನು ಹತ್ರ ಇದ್ದೆ. ಶರಣು ಅಂತಿತ್ತು ಆ ಬಾಯಿ. ಒಂದೇ ಸಮ ಅದನ್ನೇ ಅಂತಿತ್ತು.”

ದಯಾನಂದ ಹೊರಡುವಾಗ ಮೇಜಿನಿಂದ ಜೇಬಿಗೆ ಸೇರಿಸಿದ್ದ ಕ್ಯಾಪ್ಟನ್ನನನ್ನು ಹೊರತೆಗೆದು ಉಗುರಿನಿಂದ ಬಣ್ಣವನ್ನು ಕೆರೆದನು. ಕೆಂಪು ಅಂಗಿಯ ಕೆಳಗೆ, ಎಳೆಯ ವಯಸ್ಸಿನಿಂದ ಬಾನಿಯ ತಳದಲ್ಲಿ ಕಂಡು ಬಲ್ಲ ಆ ಕಪ್ಪುಬೂದು ಮೈ ಇಣುಕಿತು. ಅದು ಈಗ ತಣ್ಣಗಿತ್ತು. ಬೇಕಾದ ಆಳನ್ನು ಪಡೆದ ಮೇಲೆ ತಣ್ಣಗಾಗಿತ್ತು. ಆದರೆ ಅವನ ಅಂಗೈ ಸುಡತೊಡಗಿತ್ತು. ಶರಣು ಬಂದವನಿಗೆ ಗುಂಡು ಹೊಡೆದವನು ಇಂದು ಕಂಪನಿಯವನಲ್ಲ, ಆ ಮನೆಯ ಮಗ. ಮಾಟವು ವಂಶವನ್ನು ನೋಡದು, ಕೃತ್ಯವನ್ನು ನೋಡುತ್ತದೆ.

ಕಳಸಕ್ಕೆ ಜೀಪನ್ನು ಹೇಗೆ ಓಡಿಸಿದನೋ ಅವನಿಗೇ ತಿಳಿಯದು. ದಾರಿಯುದ್ದಕ್ಕೂ ಅವನು ಒಂದೇ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡನು. ಗುಂಡು ತಣಿಸುವ ವಿಧಿಯನ್ನು ಬಲ್ಲವಳು ತಾಯಿ ದೇವೀರಮ್ಮ ಒಬ್ಬಳೇ. ಅವಳಿಗೆ ಹೇಳಿದರೆ ಸಾಕು. ಕೇಳಿಸಿಕೊಂಡರೆ ಅವಳು ಏನಾದರೂ ಮಾಡಿಯಾಳು.

ದೇವೀರಮ್ಮ ದೀಪ ಹಚ್ಚಿ, ನಡುಮನೆಯಲ್ಲಿ ಮೊರದ ತುಂಬ ಮೆಣಸು ಹರವಿಕೊಂಡು ಕುಳಿತಿದ್ದಳು. ದಯಾನಂದ ಅವಳೆದುರು ಮಂಡಿಯೂರಿದನು. ಗಂಟಲು ಒಣಗಿ ಬಿರಿದಿತ್ತು. ಅವ್ವಾ, ನಾನು ಶರಣು ಬಂದವನನ್ನ ಕೊಂದೆ. ನನಗೆ ಗೊತ್ತಿರ್ಲಿಲ್ಲ. ನನ್ನ ಉಳಿಸು. ನರ ಹರಿಯುವಂತೆ, ಎದೆ ಒಡೆಯುವಂತೆ ಅವನು ಅದನ್ನು ಮತ್ತೆ ಮತ್ತೆ ಹೇಳಿದನು.

ದೇವೀರಮ್ಮ ಮೆಣಸಿನಿಂದ ಕಣ್ಣೆತ್ತಿ, ಮಗನ ಮುಖವನ್ನು ದೀಪದ ಬೆಳಕಿನಲ್ಲಿ ದಿಟ್ಟಿಸಿ ನೋಡಿದಳು.

“ಎಂತಕ್ಕೋ ಸುಮ್ನೆ ಕೂತು ಹಲ್ಲು ಕಿರೀತಿದೀಯಾ?”