ಕೆಂಪು ಕೈಗಳ ಕಟ್ಟೆ

ಮರುನುಡಿಗ ಯಂತ್ರ ಚಾಲೂ ಆದ ಕೂಡಲೇ ಬೇಲೇರಿ ಮಾಸ್ತರರು ಬೈಯತೊಡಗಿದರು. ಅವರು ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು.

‘ಕನ್ನಡೀನ ಬಿಸಲಾಗ ಒಣಸ್ರಿ ಅಂತ ಹೇಳಿದ ಮುಠ್ಠಾಳ ಯಾರು?’ ಎಂಬ ಸಾಲು ಪರದೆಯ ಮೇಲೆ ಮೂಡಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಸಾಲು: ‘ಇರಲಿ. ಊಟ ಆತಿಲ್ಲೊ?’

ನೀಲಗಂಗಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಬೈದು, ಸುಮ್ಮನಾಗಿ, ಊಟ ಕೇಳುವುದು ಮಾಸ್ತರರ ಪದ್ಧತಿಯೇ. ಆ ಸುಮ್ಮನಾಗುವಿಕೆಯೂ ಅಷ್ಟೇ ಉದ್ದವಿತ್ತು.

‘ಅದಽ ನೋಡ್ರಿ ಅಕ್ಕಾರ, ನನ್ನ ಯಂತ್ರದ ವಿಶೇಷ,’ ಎಂದ ಎದುರು ಕೂತ ವಿಜ್ಞಾನಿ ಅನಿರುದ್ಧ ಕಟಗೇರಿ. ‘ಉಳಿದವರ ಯಂತ್ರ ಮಾತು ಕಲೀತಾವು. ಇದು ಮೌನಾನೂ ಕಲೀತೈತಿ.’

ಯಂತ್ರದ ತತ್ವ ಸರಳವಾಗಿತ್ತು. ಒಬ್ಬ ಮನುಷ್ಯ ಜೀವಮಾನದಲ್ಲಿ ಬರೆದದ್ದನ್ನೆಲ್ಲ ಅದು ಓದುತ್ತದೆ. ಅವನು ಯಾವುದಕ್ಕೆ ರೇಗಿದ, ಯಾವುದಕ್ಕೆ ನಕ್ಕ ಎಂಬುದನ್ನು ಗುರುತು ಹಾಕಿಕೊಳ್ಳುತ್ತದೆ. ಅದರೊಳಗಿನ ಮೌನಮಾಪಕವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾತಾಡಬಹುದಾಗಿದ್ದ ಕಡೆ ಅವನು ಯಾಕೆ ಬಾಯಿ ಮುಚ್ಚಿಕೊಂಡ ಎಂಬುದನ್ನು ಲೆಕ್ಕ ಹಾಕುತ್ತದೆ. ಇವೆಲ್ಲ ಸೇರಿದಾಗ ಹುಟ್ಟುವ ನೆರಳುಮನುಷ್ಯನಿಗೆ ಮರುನುಡಿಗ ಎಂದು ಹೆಸರು.

ಯಂತ್ರ ಓದಿದ್ದು ಆಕಾಶಕಟ್ಟೆಯನ್ನು. ಅದು ಮನೆಯಲ್ಲೇ ದೂರದರ್ಶಕ ಮಾಡಿಕೊಳ್ಳುವವರ ಹಳೆಯ ಅಂತರ್ಜಾಲ ಚರ್ಚಾಕೂಟ. ಎರಡು ಗಾಜಿನ ಬಿಲ್ಲೆಗಳ ನಡುವೆ ಒರಟು ಪುಡಿ, ನೀರು ಹಾಕಿ ದಿನಗಟ್ಟಲೆ ತಿಕ್ಕಿದರೆ ಒಂದು ಬಿಲ್ಲೆ ತಗ್ಗಾಗುತ್ತದೆ. ರಾಳದ ಮೇಲೆ ಕೆಂಪು ಪುಡಿ ಹಚ್ಚಿ ನುಣುಪು ಮಾಡಿ, ಬೆಳ್ಳಿಯ ಲೇಪ ಕೊಟ್ಟರೆ ಅದೇ ಗಾಜು ಶನಿಯ ಬಳೆಯನ್ನು ತೋರಿಸುವ ಕನ್ನಡಿಯಾಗುತ್ತದೆ. ಆ ಕೆಂಪು ಉಗುರುಸಂದಿಗಳಿಂದ ಬೇಗ ಹೋಗುವುದಿಲ್ಲ.

ಅದರಿಂದಲೇ ಕಟ್ಟೆಯ ಒಂದೇ ಒಂದು ಕಟ್ಟಳೆ ಹುಟ್ಟಿತ್ತು. ಯಾರಾದರೂ ಬರೀ ಓದಿಕೊಂಡು ಬುದ್ಧಿ ಹೇಳಲು ಬಂದರೆ ಉಳಿದವರು ‘ಕೈ ತೋರಸ್ರಿ’ ಎನ್ನುವರು. ಕೆಂಪು ಬೆರಳುಗಳ ಚಿತ್ರ ಹಾಕಬೇಕು. ಇಲ್ಲವಾದರೆ ಕೈ ಕೆಂಪಾಗುವ ತನಕ ಸುಮ್ಮನಿರಬೇಕು. ಬೇಲೇರಿ ಮಾಸ್ತರರಂತೂ ದೊಡ್ಡ ದೊಡ್ಡ ಪ್ರಾಧ್ಯಾಪಕರ ಬಾಯಿ ಮುಚ್ಚಿಸಿದ್ದರು.

ಬರಬರುತ್ತ ಎಲ್ಲರ ಕಿವಿಯೊಳಗೂ ಉತ್ತರ ಹೇಳುವ ಯಂತ್ರ ಬಂದು ಕೂತಿತು. ಪ್ರಶ್ನೆ ಪೂರ್ತಿ ಹುಟ್ಟುವ ಮೊದಲೇ ಉತ್ತರ ಸಿಗುವಾಗ ಕಟ್ಟೆಗೆ ಯಾರು ಬರುತ್ತಾರೆ? ಕೆಲವರು ಸತ್ತರು. ಕೆಲವರು ಏನಾದರೋ ತಿಳಿಯದು. ಹೋಗುತ್ತೇನೆಂದು ಯಾರೂ ಹೇಳಿ ಹೋಗಲಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ನಕಾಶೆ ಬರೆದು ನಿವೃತ್ತರಾಗಿದ್ದ ನೀಲಗಂಗಮ್ಮ ಮಾತ್ರ ದಿನಾ ಬೆಳಿಗ್ಗೆ ಕಟ್ಟೆ ತೆರೆದು, ಎಲ್ಲಿಂದಲೋ ಬಂದು ಬಿದ್ದ ಜಾಹೀರಾತುಗಳನ್ನು ಗುಡಿಸಿ ಹಾಕುತ್ತಿದ್ದರು.

ಈಗ ಜಾಗ ಕೊಟ್ಟ ಕಂಪನಿ ಮಾತಿಲ್ಲದ ಕೂಟಗಳನ್ನೆಲ್ಲ ಶನಿವಾರ ಅಳಿಸಲಿತ್ತು. ಅದೇ ಕಂಪನಿಯ ಅನಿರುದ್ಧ ಉಪಾಯ ಹಿಡಿದು ಬಂದಿದ್ದ.

‘ಮರುನುಡಿಗರು ಮಾತಾಡಿಕೋತ ಇದ್ರ ಕಟ್ಟಿ ಜೀವಂತ ಐತಿ ಅಂತ ಕಂಪನಿಯ ಮಾತು ಎಣಿಸೂ ಯಂತ್ರ ಬರ್ಕೋತೈತ್ರಿ.’

‘ಅದಕ್ಕ ಬೊಂಬಿ ಯಾವುದು, ಮನುಷ್ಯಾ ಯಾವಾಂವ ಗೊತ್ತಾಗೂದಿಲ್ಲೇನು?’

‘ಗೊತ್ತಾಗೂದಿಲ್ರಿ.’

‘ನನಗ ಗೊತ್ತಾಗತೈತೆಲ್ಲ.’ ಅವರು ಪರದೆಯ ಕಡೆ ಬೆರಳು ತೋರಿದರು. ‘ಎರಡು ಮಾತು. ಇವರು ನೆರಳು ಅಂತ ಬಾಗಲದಾಗಽ ಬೋರ್ಡ್ ಹಾಕ್ತೇನಿ. ಮತ್ತ ಕಟ್ಟೀ ಕಟ್ಟಳೆ ಇವರಿಗೂ ಬಿಟ್ಟಿದ್ದಲ್ಲ.’

ಅನಿರುದ್ಧ ನಕ್ಕು ಒಪ್ಪಿದ. ನಗಬಾರದಿತ್ತು.

ಹೋದ ಹಳಬರೆಲ್ಲರ ಮರುನುಡಿಗರು ಬಂದು ಎರಡು ದಿನ ಕಟ್ಟೆ ಗಿಜಿಗುಟ್ಟಿತು. ಗುರುವಾರ ಫಿರೋಜಾಬಾಯಿಯವರ ಮರುನುಡಿಗ, ಚಳಿಗೆ ರಾಳ ಬಿರುಕು ಬಿಡುತ್ತದೆ, ಏನು ಮಾಡಲಿ ಎಂದು ಕೇಳಿತು. ಮಾಸ್ತರರ ಮರುನುಡಿಗ ಉದ್ದಕ್ಕೆ ಉತ್ತರ ಬರೆಯಿತು. ಕೆಳಗೆ ಹಾವೇರಿಯ ಕೋಳೂರರ ಮರುನುಡಿಗ ಒಂದೇ ಸಾಲು ಹಾಕಿತು:

‘ಮಾಸ್ತರ, ಕೈ ತೋರಸ್ರಿ.’

ಬಹಳ ಹೊತ್ತಿನ ಮೇಲೆ ಉತ್ತರ ಬಂತು.

‘ನನಗ ಕೈ ಇಲ್ಲ. ತಪ್ಪಾತು. ಕೈ ಕೆಂಪಾಗೂತನಕ ಸುಮ್ಮಿರತೇನಿ.’

ಹಿಂದೆಯೇ ಕೋಳೂರರದು: ‘ನನಗೂ ಇಲ್ಲ.’ ಆಮೇಲೆ ಫಿರೋಜಾಬಾಯಿಯದು. ಸಂಜೆಯ ಹೊತ್ತಿಗೆ ಮರುನುಡಿಗರೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಯಂತ್ರ ಕೆಟ್ಟಿರಲಿಲ್ಲ. ಅದು ಅವರನ್ನು ಅಷ್ಟು ಚೆನ್ನಾಗಿ ಕಲಿತಿತ್ತು.

ಅನಿರುದ್ಧ ಓಡಿಬಂದ. ‘ಆ ಕಟ್ಟಳೆ ಒಂದು ತಗದು ಹಾಕ್ತೇನ್ರಿ ಅಕ್ಕಾರ. ಐದು ನಿಮಿಷದ ಕೆಲಸ.’

‘ಮುಟ್ಟಬ್ಯಾಡ್ರಿ.’

‘ಕಟ್ಟಿ ಹೋಗತೈತ್ರಿ ನಾಡಿದ್ದ.’

‘ಹೋಗಲಿ. ಜೀವ ಇದ್ದಾಗ ಒಂದೂ ಸುಳ್ಳು ಹೇಳದ ಮನುಷ್ಯಾನ ಕಡಿಂದ ಸತ್ತ ಮ್ಯಾಲೆ ಹೇಳಸೂದು ಬ್ಯಾಡ. ನಿಮ್ಮ ಕಂಪನಿ ಬೇಕಾದ್ದು ಅಳಸಲಿ. ನಾವಾಗಿ ನಮ್ಮನ್ನ ಅಳಿಸ್ಕೊಳ್ಳೂದಿಲ್ಲ.’

ಶುಕ್ರವಾರ ಮಧ್ಯಾಹ್ನ ಅವರು ಕೊನೆಯ ಸಲ ಗುಡಿಸಲೆಂದು ಕಟ್ಟೆ ತೆರೆದರು. ಒಂದು ಚಿತ್ರ ಬಂದಿತ್ತು. ಮಣಿಕಟ್ಟಿನ ತನಕ ಕೆಂಪಾದ ಕೈ. ಕೆಳಗೆ ಬರಹ:

‘ನಾನು ಶಿವಲೀಲಾ, ಲಕ್ಷ್ಮೇಶ್ವರದಾಕಿ. ಎಷ್ಟೋ ವರ್ಷದಿಂದ ನಿಮ್ಮನ್ನ ಓದೇ ನಾಲ್ಕು ಕನ್ನಡಿ ಮಾಡೇನಿ. ಮಾಸ್ತರ ಬೈತಾರಂತ ಅಂಜಿ, ಅವರು ಹೋದ ಮ್ಯಾಲೂ ಒಂದಕ್ಷರ ಬರೀಲಿಲ್ಲ. ನಿನ್ನೆ ಅವರಽ ತಪ್ಪಾತು ಅಂದಿದ್ದು ನೋಡಿ ಧೈರ್ಯ ಬಂತು. ನನಗ ಕೈ ಅದಾವ್ರಿ.’

ಅದರ ಕೆಳಗೆ ಇನ್ನೊಂದು ಕೈ. ಮತ್ತೊಂದು. ಹೆಬ್ಬೆರಳಿಗೆ ಪಟ್ಟಿ ಕಟ್ಟಿದ್ದು, ಮೆಹಂದಿಯೋ ಪುಡಿಯೋ ತಿಳಿಯದಷ್ಟು ಕೆಂಪಾದದ್ದು. ಹೆಸರು ಒಂದೂ ಗುರುತಿನದಲ್ಲ. ಇಷ್ಟು ವರ್ಷ ತಾನು ಖಾಲಿ ಕಟ್ಟೆ ಗುಡಿಸುತ್ತಿದ್ದೆನೆಂದು ನೀಲಗಂಗಮ್ಮ ತಿಳಿದಿದ್ದರು. ಕಟ್ಟೆ ತುಂಬಾ ಜನ ಕೂತಿದ್ದರು, ಉಸಿರು ಬಿಗಿಹಿಡಿದು. ಕಟ್ಟೆಯನ್ನು ಕಾಪಾಡಿದ ಕಟ್ಟಳೆಯ ಅಂಜಿಕೆಯೇ ಇವರ ಬಾಯನ್ನೂ ಕಟ್ಟಿತ್ತು.

ಶನಿವಾರ ಎಣಿಸುವ ಯಂತ್ರ ಬಂದು, ಎಣಿಸಿ, ಏನನ್ನೂ ಅಳಿಸದೆ ಮುಂದೆ ಹೋಯಿತು. ಅನಿರುದ್ಧ ಪೇಢೆ ತಂದಿದ್ದ.

‘ಒಂದು ಸಾಲು ಬರೀರಿ ಅಕ್ಕಾರ. ಎಲ್ಲಾರೂ ನಿಮ್ಮ ಹಾದಿ ನೋಡಾಕತ್ತಾರ.’

ಕನ್ನಡಿಯ ಅಂಚು ಕುಸಿಯುತ್ತಿದೆ, ಏನು ಮಾಡಲಿ ಎಂದು ಶಿವಲೀಲಾ ಕೇಳಿದ್ದಳು. ನೀಲಗಂಗಮ್ಮನಿಗೆ ಉತ್ತರ ಬಾಯಿಪಾಠ. ಬರೆದು ಕಳಿಸಿದರು. ಶಿವಲೀಲಾಳ ಸಾಲು ಮೂಡಿತು:

‘ಸಿಟ್ಟಾಗಬ್ಯಾಡ್ರಿ ಅಕ್ಕಾರ. ಕೈ ತೋರಸ್ರಿ.’

ಅನಿರುದ್ಧನ ಮುಖ ಕಪ್ಪಿಟ್ಟಿತು. ‘ನಿಮಗಽ ಕೇಳೂದಾ? ಅಳಿಸಿಬಿಡ್ರಿ ಅದನ್ನ.’

ನೀಲಗಂಗಮ್ಮ ತಮ್ಮ ಕೈ ನೋಡಿಕೊಂಡರು. ಕಟ್ಟೆ ಕಾಯುವ ಭರದಲ್ಲಿ ಗಾಜು ಮುಟ್ಟಿ ಎಷ್ಟು ಕಾಲವಾಯಿತೋ. ತೊಳೆದ ಅಕ್ಕಿಯ ಹಾಗೆ ಬೆಳ್ಳಗಿತ್ತು. ಅವರು ಒಂದು ಮಾತನ್ನೂ ಬರೆಯದೆ ಎದ್ದು, ಅಟ್ಟದ ಮೇಲಿಂದ ಧೂಳು ಹಿಡಿದ ಎರಡು ಬಿಲ್ಲೆಗಳನ್ನೂ ಕೆಂಪು ಪುಡಿಯ ತಗಡಿನ ಡಬ್ಬಿಯನ್ನೂ ಇಳಿಸಿಕೊಂಡರು.

‘ಸಾಲು ಆಮ್ಯಾಲೆ,’ ಎಂದರು ಅವನಿಗೆ. ‘ಮೊದಲ ಒಂದು ಚರಗಿ ನೀರು ತರ್ರಿ. ಮತ್ತ ನಿಮ್ಮ ತೋಳೂ ಏರಿಸಿಕೋರಿ.’