ಹಾಕಬಾರದ ನಾಲ್ಕು ಹಾಡು

“ಆ ಹಾಡು ಇವತ್ತು ಇಲ್ಲ ಕಣ್ರೋ. ಬೇರೆ ಯಾವುದಾದ್ರೂ ಕೇಳಿ, ಹಾಕ್ತೀನಿ,” ಅಂದಳು ಅಮ್ಮ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸುತ್ತಾ.

ಡಿಜೆ ಮೇಜಿನ ಮುಂದೆ ನಿಂತಿದ್ದ ಐದು ಮಕ್ಕಳ ಮುಖವೂ ಪೆಚ್ಚಾಯಿತು. ಐವರೂ ತಿರುಗಿ ಮೈಕಿನ ಕಡೆ ನೋಡಿದರು.

ಮೈಕು ಅಂದರೆ ಈ ಅಮ್ಮನ ಮಗಳು. ಅವಳಿಗೂ ಒಂದು ಚಂದದ ಹೆಸರಿದೆ, ಪಾಪ, ಅದು ಹಾಜರಿ ಪುಸ್ತಕದಲ್ಲೇ ಉಳಿದುಹೋಗಿದೆ. ಐದನೇ ಕ್ಲಾಸಿಗೆಲ್ಲ ಅವಳು ಮೈಕು. ಕಿವಿಗೆ ಬಿದ್ದ ಸುದ್ದಿಯನ್ನು ಬೆಲ್ ಹೊಡೆಯುವುದರೊಳಗೆ ಇಡೀ ಸ್ಕೂಲಿಗೆ ಹಂಚದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ.

ಕಳೆದ ವಾರವೆಲ್ಲ ಅವಳದ್ದು ಒಂದೇ ರಾಗ. “ನಮ್ಮಮ್ಮ ದೊಡ್ಡ ದೊಡ್ಡ ಮದುವೆಗೆ ಡಿಜೆ. ನಾನು ಯಾವ ಹಾಡು ಹೇಳಿದ್ರೂ ಹಾಕ್ತಾಳೆ, ಗೊತ್ತಾ?” ಭಾನುವಾರ ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲ ಅಂತ ಅಮ್ಮ ಅವಳನ್ನು ಈ ಮದುವೆಗೆ ಜೊತೆಗೆ ಕರೆತಂದರೆ, ಇಲ್ಲಿ ಎದುರಾಗಿದ್ದು ಯಾರು? ಅವಳ ಕ್ಲಾಸಿನ ಗುಂಗುರು! ತಲೆತುಂಬ ಗುಂಗುರು ಕೂದಲು, ಮೈತುಂಬ ಮಿಂಚುವ ಫ್ರಾಕು. ಮದುಮಗ ಅವಳಿಗೆ ದೊಡ್ಡಪ್ಪನ ಮಗ ಅಂತೆ.

“ನೀನು ಹೇಳಿದ್ರೆ ಹಾಕ್ತಾರೆ ಅಂದಿದ್ದೆ?” ಅಂದಳು ಗುಂಗುರು.

“ಅಮ್ಮಾ, ಒಂದೇ ಒಂದು ಸಲ. ಪ್ಲೀಸ್!”

ಅಮ್ಮ ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿದ್ದ ಚೀಟಿಯನ್ನು ಬೆರಳಿನಿಂದ ತಟ್ಟಿದಳು. ‘ಹಾಕಬಾರದ ಹಾಡುಗಳು’ ಅಂತ ಬರೆದಿತ್ತು. ಕೆಳಗೆ ನಾಲ್ಕು ಹಾಡು. ಮೂರನೆಯದೇ ಮಕ್ಕಳು ಕೇಳಿದ್ದ ಪೀಪಿ ಹಾಡು. ನಡುನಡುವೆ ‘ಪೀಪೀಪಿ’ ಅಂತ ಸೀಟಿ ಊದುವ ಹಳೇ ಹಾಡು ಅದು. ಸ್ಕೂಲ್ ಡೇ ಬಂತೆಂದರೆ ಯಾವುದಾದರೂ ಒಂದು ಕ್ಲಾಸು ಅದಕ್ಕೆ ಕುಣಿದೇ ಕುಣಿಯುತ್ತದೆ.

“ಯಾಕಮ್ಮ ಹಾಕಬಾರದು?”

“ಮದುಮಗಳು ಬೇಡ ಅಂತ ಬರೆದುಕೊಟ್ಟಿದ್ದಾಳೆ. ಯಾಕೆ ಅಂತ ನಾವು ಕೇಳೋ ಹಾಗಿಲ್ಲ.”

ಅಷ್ಟರಲ್ಲಿ ವೇದಿಕೆ ಹತ್ತಿರದಿಂದ ಒಬ್ಬ ಹುಡುಗ ಕೈ ಬೀಸಿದ. ಮದುಮಕ್ಕಳ ಡಾನ್ಸಿಗೆ ಬಿಳಿ ಹೊಗೆ ಬಿಡುವ ಮಷೀನು ಕೆಟ್ಟು ಕೂತಿತ್ತು. “ಈ ಹಾಡು ಇನ್ನೂ ನಾಲ್ಕು ನಿಮಿಷ ಇದೆ. ಬಂದುಬಿಡ್ತೀನಿ. ಏನೂ ಮುಟ್ಟಬೇಡ,” ಅಂತ ಅಮ್ಮ ಓಡಿದಳು.

ಗಾಜಿನ ಗೋಡೆಯ ಆ ದೊಡ್ಡ ಟೆಂಟಿನಲ್ಲಿ ಮಧ್ಯಾಹ್ನದ ಬಿಸಿಲು ಥಳಥಳ ಹೊಳೆಯುತ್ತಿತ್ತು. ಕಂಬಕ್ಕೆಲ್ಲ ಬಿಳಿ ಹೂವು, ಕುರ್ಚಿಗೆಲ್ಲ ರೇಷ್ಮೆ ರಿಬ್ಬನ್ನು.

“ಬಿಡ್ರೇ, ಬರೀ ಬಡಾಯಿ,” ಅಂದಳು ಗುಂಗುರು. “ಇವಳ ಮಾತು ಇವಳ ಅಮ್ಮನೇ ಕೇಳಲ್ಲ.”

ಉಳಿದವರು ಕಿಸಕ್ಕನೆ ನಕ್ಕರು. ಮೈಕಿನ ಮೈಯೆಲ್ಲ ಉರಿದುಹೋಯಿತು. ಹಾಡು ಹಾಕುವುದೇನು ಅವಳಿಗೆ ಗೊತ್ತಿಲ್ಲದ ವಿದ್ಯೆಯೇ? ಮನೆಯಲ್ಲಿ ಅಮ್ಮ ಪ್ರಾಕ್ಟೀಸ್ ಮಾಡುವಾಗ ಎಷ್ಟು ಸಲ ನೋಡಿಲ್ಲ! ಹಾಡು ಹುಡುಕಿದಳು, ಬಟನ್ ಒತ್ತಿದಳು, ಗುಂಡಿಯನ್ನು ಈ ಕಡೆಯಿಂದ ಆ ಕಡೆಗೆ ಜಾರಿಸಿದಳು.

ಪೀಪೀಪಿ!

“ಹೇಏಏ!” ಅಂತ ಮಕ್ಕಳು ಕುಣಿಯತೊಡಗಿದರು. ಗುಂಗುರು ಹೆಬ್ಬೆರಳೆತ್ತಿ ತೋರಿಸಿದಳು. ಹಿಂದಿನ ಟೇಬಲ್ಲಿನಲ್ಲಿದ್ದ ಕೋಟು ಹಾಕಿದ ಗಂಡಸರಲ್ಲಿ ಒಬ್ಬ ಬಾಯಲ್ಲಿ ಬೆರಳಿಟ್ಟು ಅದೇ ರಾಗದಲ್ಲಿ ಸೀಟಿ ಹೊಡೆದ. ಪಕ್ಕದವರು ಹೊಟ್ಟೆ ಹಿಡಿದು ನಕ್ಕರು. ನನ್ನ ಹಾಡು ಎಲ್ಲರಿಗೂ ಹಿಡಿಸಿತು ಅಂತ ಮೈಕು ಬೀಗಿದಳು.

ಆಗ ಅವಳಿಗೆ ಮದುಮಗಳು ಕಂಡಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಕೈಯಲ್ಲಿದ್ದ ಲೋಟವನ್ನು ಹಾಗೇ ಯಾರಿಗೋ ಕೊಟ್ಟು, ತಲೆ ತಗ್ಗಿಸಿಕೊಂಡು ಸರಸರ ನಡೆದು ಪಕ್ಕದ ರೂಮಿಗೆ ಹೋಗಿಬಿಟ್ಟಳು. ಹಿಂದೆಯೇ ಹೋದ ಮದುಮಗ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ.

ಅಮ್ಮ ಓಡಿ ಬಂದವಳೇ ಪೀಪಿ ಹಾಡನ್ನು ಮೆಲ್ಲಗೆ ಇಳಿಸಿ ಬೇರೆ ಹಾಡು ಏರಿಸಿದಳು. ಬೆನ್ನಿಗೇ ಬಂದರು ವಾಕಿಟಾಕಿ ಹಿಡಿದ ಮ್ಯಾನೇಜರು.

“ಏನ್ ಮೇಡಂ ಇದು? ಲಿಸ್ಟ್ ಕೊಟ್ಟಿದ್ವಲ್ಲ! ನಾಲ್ಕೇ ನಾಲ್ಕು ಹಾಡು. ಅಷ್ಟೂ ನೆನಪಿಟ್ಟುಕೊಳ್ಳೋಕಾಗಲ್ವಾ? ಇನ್ನುಮೇಲೆ ನಿಮ್ಮನ್ನ ಕರೆಸಬೇಕೋ ಬೇಡವೋ ಅಂತ ಯೋಚನೆ ಮಾಡಬೇಕಾಗುತ್ತೆ.”

“ತಪ್ಪಾಯ್ತು ಸಾರ್. ನನ್ನದೇ ತಪ್ಪು,” ಅಂದಳು ಅಮ್ಮ.

ಮೈಕು ಪಕ್ಕದಲ್ಲೇ ನಿಂತಿದ್ದಳು. ‘ಅಮ್ಮ ಅಲ್ಲ, ನಾನು’ ಅನ್ನಬೇಕು. ಮೂರೇ ಮಾತು. ಬಾಯಿ ತೆರೆದಳು, ಸ್ವರವೇ ಹೊರಡಲಿಲ್ಲ. ಇಡೀ ಸ್ಕೂಲಿಗೆ ಕೇಳುವ ಗಂಟಲು ಈಗ ಕೈಕೊಟ್ಟಿತ್ತು. ನಾಚಿಕೆಯಿಂದ ಕಿವಿ ಕಾದುಹೋಯಿತು. ಗುಂಗುರುವಿನ ದಂಡು ಯಾವಾಗಲೋ ಅಲ್ಲಿಂದ ಕಾಲ್ಕಿತ್ತಿತ್ತು.

ಮ್ಯಾನೇಜರು ಹೋದ ಮೇಲೂ ಅಮ್ಮ ಬೈಯಲಿಲ್ಲ. ಒಂದು ಬಾರಿಸಿದ್ದರಾದರೂ ಚೆನ್ನಾಗಿತ್ತು ಅನ್ನಿಸಿತು ಮೈಕಿಗೆ.

“ನನ್ನ ಹೆಸರು ಯಾಕೆ ಹೇಳಲಿಲ್ಲಮ್ಮ?”

“ಈ ಮೇಜು ನನ್ನದು. ಇಲ್ಲಿ ಏನಾದ್ರೂ ಅದಕ್ಕೆ ನಾನೇ ಉತ್ತರ ಹೇಳಬೇಕು,” ಅಂದ ಅಮ್ಮ ಹೆಡ್‌ಫೋನ್ ಹಾಕಿಕೊಂಡಳು. ಮಗಳ ಕಡೆ ತಿರುಗಿಯೂ ನೋಡಲಿಲ್ಲ.

ಮೈಕು ಕಾಲೆಳೆದುಕೊಂಡು ಮದುಮಗಳ ರೂಮಿನ ಕಡೆ ನಡೆದಳು. ಮದುಮಗ ಅಲ್ಲಿರಲಿಲ್ಲ. ಅವಳು ಬಾಗಿಲಿಗೆ ಬಾಯಿ ಹಚ್ಚಿ, “ಅಕ್ಕಾ, ಆ ಹಾಡು ಹಾಕಿದ್ದು ನಾನು. ನಮ್ಮಮ್ಮ ಅಲ್ಲ,” ಅಂದಳು.

ಎಷ್ಟೋ ಹೊತ್ತಿನ ಮೇಲೆ ಚಿಲಕ ಸರಿಯಿತು.

ಮದುಮಗಳು ಚಪ್ಪಲಿ ಬಿಚ್ಚಿ ಕೂತಿದ್ದಳು. ಕಣ್ಣಿನ ಕಾಡಿಗೆ ಕೆನ್ನೆವರೆಗೆ ಇಳಿದಿತ್ತು. “ಯಾಕೆ ಹಾಕಿದೆ?” ಅಂದಳು ಒರಟಾಗಿ.

“ಫ್ರೆಂಡ್ಸ್ ಮುಂದೆ ಜಂಬ ಕೊಚ್ಚಿಕೊಳ್ಳೋಕೆ.” ಇಷ್ಟು ಹೇಳುವಷ್ಟರಲ್ಲಿ ಮೈಕಿಗೆ ಅಳು ಬಂದೇಬಿಟ್ಟಿತು. ಮೂಗು, ಕಣ್ಣು ಎಲ್ಲ ಒಟ್ಟಿಗೆ ಸುರಿಯಿತು.

ಮದುಮಗಳು ಟಿಶ್ಯೂ ಡಬ್ಬಿಯನ್ನು ಅವಳ ಕಡೆ ತಳ್ಳಿದಳು. ತಾನೂ ಒಂದು ತೆಗೆದುಕೊಂಡಳು. ಇಬ್ಬರೂ ಸೊರ ಸೊರ ಮೂಗು ಒರೆಸಿಕೊಂಡರು.

“ಎಷ್ಟನೇ ಕ್ಲಾಸು?”

“ಐದು.”

“ನಾನೂ ಐದರಲ್ಲಿದ್ದೆ,” ಅಂದಳು ಮದುಮಗಳು. “ಸ್ಕೂಲ್ ಡೇಗೆ ಅದೇ ಹಾಡಿಗೆ ಡಾನ್ಸು. ಮೊದಲನೇ ಸಾಲಲ್ಲಿ ನಾನು. ಅಷ್ಟೊಂದು ಜನ ನೋಡಿ ಹೆದರಿಕೆಯಾಗಿ, ಸ್ಟೇಜ್ ಮೇಲೇ, ಎಲ್ಲರ ಎದುರಿಗೆ, ಉಚ್ಚೆ ಹೊಯ್ದುಕೊಂಡೆ.”

ಮೈಕು ನಗಲಿಲ್ಲ. ನಗು ಬರಲೇ ಇಲ್ಲ.

“ಆಮೇಲೆ ಐದು ವರ್ಷ ನಾನು ಎಲ್ಲಿ ಹೋದ್ರೂ ಹುಡುಗರು ಪೀಪೀಪಿ ಅನ್ನೋರು. ಅವರಲ್ಲಿ ಮೂರು ಜನ ಇವತ್ತು ಇಲ್ಲೇ ಇದ್ದಾರೆ. ಅಪ್ಪನ ಫ್ರೆಂಡ್ಸ್ ಮಕ್ಕಳು, ಕರೆಯದೆ ಇರೋಕಾಗಲಿಲ್ಲ. ಒಬ್ಬ ಸೀಟಿ ಹೊಡೆದ, ಕೇಳಿಸ್ತಾ?”

ಕೇಳಿಸಿತ್ತು. ಮೈಕು ಆಗ ಬೀಗಿದ್ದಳು. ನೆನೆಸಿಕೊಂಡರೆ ಈಗ ನೆಲಕ್ಕೆ ಇಳಿದುಹೋಗುವಂತಾಯಿತು.

“ಇದನ್ನ ನಾನು ನನ್ನ ಗಂಡನಿಗೂ ಹೇಳಿಲ್ಲ. ಹೇಳ್ತೀನಿ, ಯಾವತ್ತಾದ್ರೂ. ನಾನೇ ಹೇಳ್ತೀನಿ.”

ಮೈಕು ತಲೆಯಾಡಿಸಿದಳು.

ಮದುಮಗಳು ಮುಖ ತೊಳೆದು ಚಪ್ಪಲಿ ಮೆಟ್ಟಿ ನೇರ ಡಿಜೆ ಮೇಜಿಗೇ ಹೋದಳು. ಮ್ಯಾನೇಜರನ್ನು ಕರೆದು, “ಇವರದ್ದೇನೂ ತಪ್ಪಿಲ್ಲ, ಆ ಮಾತು ಅಲ್ಲಿಗೇ ಬಿಡಿ,” ಅಂದಳು. ಹೊಗೆ ಮಷೀನು ಬುಸ್ಸೆಂದಿತು. ಡಾನ್ಸು ನಡೆಯಿತು.

ಸಂಜೆ ವ್ಯಾನಿನಲ್ಲಿ ಅಮ್ಮ ಕೇಳಿದಳು, “ಒಳಗೆ ಏನಂದ್ರು ಅವರು?”

ಮೈಕು ಕಿಟಕಿಯ ಕಡೆ ತಿರುಗಿದಳು. “ಅದು ಹಾಕಬಾರದ ಲಿಸ್ಟಲ್ಲಿದೆ ಅಮ್ಮ.”

ಅಮ್ಮ ಮತ್ತೆ ಕೇಳಲಿಲ್ಲ.

ಸೋಮವಾರ ಊಟದ ಬೆಲ್ ಆಗಿದ್ದೇ ತಡ, ಎಲ್ಲರೂ ಮೈಕಿನ ಬೆಂಚಿಗೆ ಮುತ್ತಿಕೊಂಡರು. “ನಮ್ಮನೇಲಿ ಎಲ್ಲರಿಗೂ ಅದೇ ಯೋಚನೆ!” ಅಂದಳು ಗುಂಗುರು. “ಅತ್ತಿಗೆ ಯಾಕೆ ಎದ್ದು ಹೋದ್ರು ಅಂತ ಅಣ್ಣನಿಗೂ ಗೊತ್ತಿಲ್ಲ. ನೀನು ರೂಮಿಗೆ ಹೋಗಿದ್ದೆಯಲ್ಲ, ಹೇಳೇ!”

ಇಡೀ ಕ್ಲಾಸು ಕಿವಿ ನಿಮಿರಿಸಿತ್ತು. ಇಂಥ ಸುದ್ದಿ ಮೈಕಿಗೆ ಜನ್ಮದಲ್ಲೇ ಸಿಕ್ಕಿರಲಿಲ್ಲ.

“ಗೊತ್ತಿಲ್ಲ,” ಅಂದಳು.

“ಸುಳ್ಳು!”

“ನಿಜವಾಗ್ಲೂ ಗೊತ್ತಿಲ್ಲ.”

“ಅಯ್ಯೋ, ಮೈಕಿನ ಬ್ಯಾಟರಿ ಮುಗೀತು!” ಅಂತ ಯಾರೋ ಕೂಗಿದರು. ಎಲ್ಲರೂ ಬೆಂಚು ಬಡಿದು ನಕ್ಕರು. “ಬ್ಯಾಟರಿ! ಬ್ಯಾಟರಿ!” ಅಂತ ರಾಗ ಬೇರೆ ಶುರುವಾಯಿತು.

ಕಿವಿ ಮತ್ತೆ ಬಿಸಿಯಾಯಿತು. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು, ಎಲ್ಲರೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಆ ಅಕ್ಕ ಇಂಥ ಗೇಲಿಯನ್ನು ಐದು ವರ್ಷ ಹೇಗೆ ಕೇಳಿಸಿಕೊಂಡಳೋ ಅಂದುಕೊಂಡಳು ಮೈಕು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ತಲೆ ತಗ್ಗಿಸಿ, ಊಟ ಮಾಡತೊಡಗಿದಳು.