ಕರಿಕಂಬಳಿ ಥೀಮ್ ಮಾಡಿದವರು

“ನಮ್ಮ ಅಪ್ಪಯ್ಯಗೆ ಓದಕ್ಕೆ ಬರಲ್ಲ. ಈ ಇರುವೆಯಂಥ ಅಕ್ಷರ ಯಾರು ನೋಡ್ಬೇಕ್ರೀ?”

ಶಿರಾಳಕೊಪ್ಪದ ಹತ್ತಿರದ ಕುರಿ ಸಾಕುವ ಮನೆಯಲ್ಲಿ ರೋಜಾ ಹೀಗೆ ಕೇಳಿದಾಗ, ಮಂಚದ ಪಕ್ಕದ ಗೋಡೆಗೆ ಟ್ಯಾಬ್ ಕೂರಿಸುತ್ತಿದ್ದ ತೀರ್ಥೇಶ್ ತಿರುಗಿ ನೋಡಿದ. ನೋಡಿದವನು ಸ್ಕ್ರೂ ಬಿಗಿಯುವುದನ್ನೇ ಮರೆತ...

ಮಂಡಿನೋವಿನಿಂದ ಅವಳ ತಂದೆ ಚಿಕ್ಕಬೀರಪ್ಪ ಕುರಿದೊಡ್ಡಿಯವರೆಗೂ ನಡೆಯಲಾರರು. ದೊಡ್ಡಿಯ ದೀಪ, ಗೇಟು, ನೀರಿನ ಮೋಟರು ಎಲ್ಲವನ್ನೂ ಮಂಚದ ಮೇಲಿಂದಲೇ ನೋಡಿಕೊಳ್ಳಲಿ ಎಂದು ಈ ಸ್ಮಾರ್ಟ್ ಹೋಮ್ ಡ್ಯಾಶ್‌ಬೋರ್ಡ್.

ಇದರ ರೂಪ ಬದಲಿಸಬಹುದು, ಎಲ್ಲೆಲ್ಲಿಯವರೋ ಥೀಮ್ ಮಾಡಿ ಬೇಕಾದವರು ಬಳಸಲೆಂದು ಹಂಚಿರುತ್ತಾರೆ ಎಂದ ತೀರ್ಥೇಶ್. ರೋಜಾ ಒಂದೊಂದಾಗಿ ನೋಡುತ್ತ ‘ಕರಿಕಂಬಳಿ’ ಎಂಬುದರ ಮೇಲೆ ಬೆರಳಿಟ್ಟಳು. ಕಂಬಳಿಯಂಥ ಕಪ್ಪು, ಅಂಚಿಗೆ ಬಿಳಿ ಗೆರೆ, ಅಂಗೈಯಗಲದ ಚಿತ್ರಗಳು. ಒಂದಕ್ಷರವೂ ಇಲ್ಲ!

“ಮಾಡಿದೋರು ಯಾರೋ... ನಮ್ಮಂಥೋರ ಕಷ್ಟ ಕಂಡೋರು,” ಎಂದಳು.

ತೀರ್ಥೇಶ್ ತಲೆ ತಗ್ಗಿಸಿದ.

ಆಮೇಲೂ ಅದು ಸರಿಮಾಡಲು, ಇದು ಸೇರಿಸಲು ಅವನು ಸೊರಬದಿಂದ ಬರುತ್ತಲೇ ಇದ್ದ. ಬಂದಾಗಲೆಲ್ಲ ಅವಳು ಆ ಕಾಣದವರನ್ನು ಹೊಗಳುವಳು, ಅವನು ಮಾತು ತಿರುಗಿಸುವನು. ‘ಹೊಟ್ಟೆಕಿಚ್ಚಿರಬೇಕು’ ಎಂದು ಅವಳಿಗೆ ಒಳಗೊಳಗೇ ಖುಷಿ.

ಒಂದು ಸಂಜೆ ತೀರ್ಥೇಶ್, ದೊಡ್ಡಿಯ ದೀಪ ಹತ್ತಿದರೆ ಕರಿಕಂಬಳಿಯ ಕುರಿ ಚಿತ್ರ ಕೆಂಪಾಗುವಂತೆ ಮಾಡಿ ಹೋದ. ಚೆನ್ನಾಗಿ ಕಾಣಲಿ ಎಂದಷ್ಟೇ. ಮರುದಿನ ಚಿಕ್ಕಬೀರಪ್ಪ ಅಂಬಲಿ ಮುಟ್ಟಲಿಲ್ಲ.

“ನಡೆಯಕ್ಕಾಗದ ಅಪ್ಪನ್ನ ಒಂದ್ ಮಾತು ಕೇಳದೆ ಕುರಿಯೆಲ್ಲ ಮಾರಿದ್ಯಾ ಮಗಳೇ?”

ಅವರ ಮನೆಯ ರೂಢಿಯಲ್ಲಿ, ಮಾರಿದ ಕುರಿಯ ಬೆನ್ನಿಗೆ ಮಾತ್ರ ಕೆಂಪು ಬಳಿಯುತ್ತಿದ್ದರು.

ತಂದೆಯ ಕಣ್ಣೀರು ಕಂಡು ರೋಜಾ ತಡೆದುಕೊಳ್ಳಲಿಲ್ಲ. ತೀರ್ಥೇಶನಿಗೆ ಫೋನ್ ಮಾಡಿ, ಕೆಂಪಿನ ಅರ್ಥ ತಿಳಿಸಿ, ನಮ್ಮ ಬದುಕು ಗೊತ್ತಿಲ್ಲದವರು ನಮ್ಮ ಗೋಡೆ ಮುಟ್ಟಬೇಡಿ ಎಂದು ಅಂದುಬಿಟ್ಟಳು. ಕರಿಕಂಬಳಿಯ ಹಳೆಯ ರೂಪವನ್ನೇ ಮತ್ತೆ ಹಾಕಿದಳು.

ಹದಿನೈದು ದಿನ ಅವನ ಸುಳಿವಿಲ್ಲ. ‘ಜಾಸ್ತಿ ಅಂದೆನಾ... ಇನ್ನು ಬರೋದೇ ಇಲ್ವಾ...’

ಆಗ ಕರಿಕಂಬಳಿಯ ಹೊಸ ರೂಪ ಬಂದಿರುವುದು ಟ್ಯಾಬಿನಲ್ಲಿ ಕಂಡಿತು. ಕೆಳಗೆ ಮಾಡಿದವರ ಟಿಪ್ಪಣಿ: “ಕೆಂಪು ಬಣ್ಣ ತೆಗೆದಿದ್ದೇನೆ. ಕೆಂಪು ಬಳಿದರೆ ಮಾರಿದ ಕುರಿ ಎಂದು ತಿಳಿಯದೆ ಒಬ್ಬ ಹಿರಿಯರನ್ನು ನೋಯಿಸಿದೆ. ತಪ್ಪು ನನ್ನದು.”

ರೋಜಾ ಎರಡು ಸಲ ಓದಿದಳು. ಇಷ್ಟು ದಿನ ತೀರ್ಥೇಶನೆದುರಿಗೆ ಅವನನ್ನೇ ಹೊಗಳಿದ್ದಳು!

ತಂದೆಗೆ ಎಲ್ಲ ಹೇಳಿದಳು, ತನ್ನ ಮನಸ್ಸಿನಲ್ಲಿದ್ದುದನ್ನೂ. ಚಿಕ್ಕಬೀರಪ್ಪ ಗೋಡೆಯ ಟ್ಯಾಬಿನತ್ತ ತಿರುಗಿದರು.

“ತಪ್ಪನ್ನ ಊರಿಗೆಲ್ಲ ಕಾಣಂಗೆ ಬರ್ದಾನಲ್ಲ... ಅಂಥೋನು ಮನೇಲಿ ಸುಳ್ಳಾಡಲ್ಲ. ಬರೋಕೆ ಹೇಳವ್ವ.”

ಮಾರನೆಯ ದಿನ ರೋಜಾ ಸೊರಬದ ಬಸ್ ನಿಲ್ದಾಣದ ಬಳಿಯ ಅವನ ಅಂಗಡಿಯಲ್ಲಿದ್ದಳು.

“ನೀವೇ ಅಂತ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಹೊಗಳೋದು ನಿಲ್ಲಿಸ್ಬಿಡ್ತಿದ್ರಿ.”

ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಅಪ್ಪಯ್ಯ ಮನೆಗೆ ಬರಹೇಳಿದ್ದಾರೆ ಎಂದಳು. ಅವನು ಗಾಬರಿಯಿಂದ ಸಾಮಾನಿನ ಚೀಲಕ್ಕೆ ಕೈ ಹಾಕಿದ.

“ಏನು ಕೆಟ್ಟೋಗಿದೆ?”

“ಏನೂ ಕೆಟ್ಟಿಲ್ಲ. ಚೀಲ ಇಲ್ಲೇ ಇರ್ಲಿ... ನಿಮ್ಮ ತಾಯಿನ ಕರ್ಕೊಂಡ್ ಬನ್ರಿ.”

ತೀರ್ಥೇಶನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ನಾಳೆ ಬರ್ಲಾ?” ಎಂದ ಮೆಲ್ಲಗೆ.

“ಇವತ್ತೂ ಬಸ್ ಐತಲ್ರೀ.”